ಮಧ್ಯಾಹ್ನ ಎರಡಕ್ಕೆ ಮನೆಯೊಳಗೆ ಯಾರಿರುತ್ತಾರೆ?

ಪ್ರಶ್ನೆ: ಕಲಬುರಗಿ ಜಿಲ್ಲೆಯಲ್ಲಿ ಬಡವರಿಗೆ ಮನೆ ಕಟ್ಟಿಸಿಕೊಡುವ ಸಂಸ್ಥೆಯಲ್ಲಿದ್ದೇನೆ. ನಮ್ಮ ಮನೆಗಳೆಲ್ಲ ಹೆಣ್ಣುಮಕ್ಕಳ ಹೆಸರಿನಲ್ಲಿವೆ. ಎರಡೆರಡು ಕಿಟಕಿ ಕೊಟ್ಟಿದ್ದೇವೆ. ಈಗ ಮಹಿಳೆ, ಹವಾಮಾನ ಎರಡನ್ನೂ ಯೋಜನೆಯಲ್ಲಿ ಸೇರಿಸಿ ಎನ್ನುತ್ತಿದ್ದಾರೆ. ಇನ್ನೇನು ಸೇರಿಸಬೇಕು?

ಉತ್ತರ: ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ. ಪ್ರತಿ ಸಲವೂ ಮಾತು ಶುರುವಾಗುವುದು ಹಕ್ಕುಪತ್ರದಿಂದಲೇ. ಹೆಸರು ಬೇಕು, ಬೇಡ ಅನ್ನಲ್ಲ. ಮನೆ ಬಿಟ್ಟು ಹೋಗು ಅಂತ ಗಂಡ ಗದರಿಸಿದಾಗ ಆ ಕಾಗದ ಅವಳ ಕೈ ಹಿಡಿಯುತ್ತದೆ. ಆದರೆ ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಹೆಂಡತಿ ಹೆಸರು ಅಥವಾ ಜಂಟಿ ಹೆಸರು ಇರಬೇಕು ಅನ್ನೋದು ನಿಯಮವೇ. ನಿಯಮ ಪಾಲಿಸಿದ್ದನ್ನು ವರದಿಯಲ್ಲಿ ಸಾಧನೆ ಅಂತ ಬರೆಯಬೇಡಿ.

ನಾನು ಕೇಳೋದು ಒಂದೇ. ಏಪ್ರಿಲ್‌ನಲ್ಲಿ ಮಧ್ಯಾಹ್ನ ಎರಡಕ್ಕೆ ಆ ಮನೆಯೊಳಗೆ ಯಾರಿರುತ್ತಾರೆ? ಬಾಣಂತಿ, ಮಗು, ಮುದುಕಿ, ಹೊಲಿಗೆ ಹಾಕುವ ಸೊಸೆ. ಗಂಡಸರು ಬೇವಿನ ಮರದ ಕಟ್ಟೆ ಮೇಲಿರುತ್ತಾರೆ.

ಸೇಡಂ ಕಡೆಯ ಒಂದು ಹಳ್ಳಿಯಲ್ಲಿ ಅದೇ ಹೊತ್ತಿಗೆ ಇಂಥ ಮನೆಗೆ ಹೋಗಿದ್ದೆ. ಎರಡೂ ಕಿಟಕಿ ಮುಚ್ಚಿದ್ದವು. ಸರಳಿಗೆ ಹಳೇ ಸೀರೆ ಬಿಗಿದಿತ್ತು. ಯಾಕವ್ವ ಅಂದೆ. "ಎದುರಿಗೇ ಕಟ್ಟಿ ಐತ್ರಿ, ದಿನಾ ಗಂಡಸರು ಕುಂತಿರ್ತಾರ" ಅಂದಳು. ನಕ್ಷೆ ಬರೆದವರಿಗೆ ಗಾಳಿ ಯಾವ ಕಡೆಯಿಂದ ಬರುತ್ತದೆ ಅಂತ ಗೊತ್ತಿತ್ತು. ಕಟ್ಟೆ ಯಾವ ಕಡೆ ಇದೆ ಅಂತ ಗೊತ್ತಿರಲಿಲ್ಲ. ರಾತ್ರಿ ಒಂಬತ್ತಕ್ಕೆ ಸ್ಟೂಲ್ ಹತ್ತಿ ತಾರಸಿಯ ತಳ ಮುಟ್ಟಿದೆ. ಇನ್ನೂ ಬೆಚ್ಚಗಿತ್ತು. ಕಾಂಕ್ರೀಟು ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಒಳಕ್ಕೆ ಬಿಡುತ್ತದೆ. ಗಂಡಸರು ಹೊರಗೆ ಹಾಸಿಗೆ ಹಾಕುತ್ತಾರೆ. ಹೆಣ್ಣುಮಕ್ಕಳು ಬಾಗಿಲು, ಕಿಟಕಿ ಭದ್ರ ಮಾಡಿ ಅದೇ ತಾರಸಿ ಕೆಳಗೆ ಮಲಗುತ್ತಾರೆ. ಇದರಲ್ಲಿ ಮಹಿಳೆ ಯಾವುದು, ಹವಾಮಾನ ಯಾವುದು ಅಂತ ಬೇರೆ ಮಾಡಿ ನೋಡೋಣ! ಆಗಲ್ಲ, ಅಲ್ವಾ? ಹಾಗಾಗಿ ಯೋಜನೆಗೆ ಎರಡು ಅಧ್ಯಾಯ ಅಂಟಿಸಬೇಡಿ. ನಕ್ಷೆಯನ್ನೇ ಬದಲಿಸಿ.

ಕಿಟಕಿ ಜೊತೆಗೆ, ತಾರಸಿಗೆ ಹತ್ತಿರ, ಎದುರುಬದುರು ಗೋಡೆಯಲ್ಲಿ ಗಾಳಿಯಾಡುವ ತೂತುಗಳ ಜಾಲಿ ಬಿಡಿ. ಬಿಸಿಗಾಳಿ ಮೇಲೇರಿ ಆಚೆ ಹೋಗುತ್ತದೆ, ಹೊರಗಿನವರ ಕಣ್ಣು ಒಳಗೆ ಬೀಳಲ್ಲ, ರಾತ್ರಿ ಮುಚ್ಚೋದೂ ಬೇಕಿಲ್ಲ. ಸೊಳ್ಳೆ ಪರದೆ ಬಡಿಯೋದು ಮರೆಯಬೇಡಿ. ನಮ್ಮ ಅಜ್ಜಿಯರ ಮಣ್ಣಿನ ಮಾಳಿಗೆಯಲ್ಲಿ ಬೆಳಕಿಂಡಿ ಇತ್ತಲ್ಲ, ಅದೇ ಕೆಲಸ. ಇನ್ನೂ ತಾರಸಿ ಹಾಕಿಲ್ಲ ಅಂದರೆ ಫಿಲ್ಲರ್ ಸ್ಲ್ಯಾಬ್ ಕೇಳಿ. ಕಾಂಕ್ರೀಟಿನ ತಳಭಾಗದಲ್ಲಿ ಮಂಗಳೂರು ಹಂಚು ಕೂರಿಸುತ್ತಾರೆ. ಸಿಮೆಂಟು ಉಳಿಯುತ್ತದೆ, ಶಾಖವೂ ಕಮ್ಮಿ. ವಾಸ್ತುಶಿಲ್ಪಿ ಲಾರಿ ಬೇಕರ್ ಕೇರಳದಲ್ಲಿ ಇಂಥ ಮನೆ ಸಾಕಷ್ಟು ಕಟ್ಟಿ ತೋರಿಸಿದ್ದಾರೆ. ಕಲಿತ ಗೌಂಡಿ ಸಿಗದಿದ್ದರೆ ಮಾತ್ರ ಕೈ ಹಾಕಬೇಡಿ. ತಾರಸಿ ವಿಷಯದಲ್ಲಿ ನನಗೆ ಭಯ ಜಾಸ್ತಿ.

ಇನ್ನು ಹೆಣ್ಣುಮಕ್ಕಳ ಅಭಿಪ್ರಾಯ. ಬೆಳಗ್ಗೆ ಹನ್ನೊಂದಕ್ಕೆ ಪಂಚಾಯ್ತಿಯಲ್ಲಿ ಸಭೆ ಕರೆದು, ಯಾರೂ ಬರಲಿಲ್ಲ ಅಂತ ಬರೆಯುತ್ತೀರಿ. ಆ ಹೊತ್ತಿಗೆ ಅವರು ಕೂಲಿಗೆ ಹೋಗಿರುತ್ತಾರೆ. ಸಂಜೆ ಅವರ ಓಣಿಗೇ ಹೋಗಿ. ಕಾಗದದ ನಕ್ಷೆ ಬಿಚ್ಚಬೇಡಿ. ಸುಣ್ಣದ ಪುಡಿಯಲ್ಲಿ ನೆಲದ ಮೇಲೆ ಮನೆಯನ್ನು ಅದರಳತೆಗೇ ಬರೆಯಿರಿ. ಆವಾಸ್ ಯೋಜನೆಯ ಗ್ರಾಮೀಣ ವಿಭಾಗದಲ್ಲಿ ಮನೆಯ ಕನಿಷ್ಠ ಅಳತೆ 25 ಚದರ ಮೀಟರ್, ಅಂದರೆ ಸುಮಾರು 270 ಚದರಡಿ. ಅದರೊಳಗೆ ಅವರನ್ನು ನಡೆಸಿ. ರೊಟ್ಟಿ ಬಡಿಯಲು ಎಲ್ಲಿ ಕೂರುತ್ತೀರಿ, ಕೊಡ ಎಲ್ಲಿ, ಬಚ್ಚಲಿನ ಬಾಗಿಲು ಯಾವ ಕಡೆ ಅಂತ ಕೇಳಿ. ಒಂದು ಕಡೆ ಹೀಗೆ ಮಾಡಿದಾಗ ಐದೇ ನಿಮಿಷದಲ್ಲಿ ಒಬ್ಬಾಕೆ ಒಲೆಯನ್ನು ಪಡುವಣ ಗೋಡೆಯಿಂದ ಮೂಡಣಕ್ಕೆ ಸರಿಸಿದಳು. ಸಂಜೆ ಬಿಸಿಲು ಹೊಡೆಯುವ ಗೋಡೆ ಪಕ್ಕ ಒಲೆ ಇಟ್ಟಿದ್ದು ನಮ್ಮ ತಪ್ಪು.

ಪ್ರಶ್ನೆ: ಹೀಟ್‌ಪ್ರೂಫ್ ಪೇಂಟ್ ಹಚ್ಚಿದರೆ ಮನೆ 15 ಡಿಗ್ರಿ ತಣ್ಣಗಾಗುತ್ತದೆ ಅಂತ ಏಜೆಂಟ್ ಹೇಳುತ್ತಾನೆ. ಸಾಲ ಮಾಡಲೇ?

ಉತ್ತರ: ಬೇಡವೇ ಬೇಡ. ಬಿಳಿ ಬಳಿದ ತಾರಸಿಯಿಂದ ಒಳಗೆ ಸಾಮಾನ್ಯವಾಗಿ 2ರಿಂದ 5 ಡಿಗ್ರಿ ಇಳಿಯುತ್ತದೆ, ಅಷ್ಟೇ. 15 ಅಂದವನು ತಾರಸಿ ಮೇಲ್ಮೈಯ ಲೆಕ್ಕ ಹೇಳುತ್ತಿದ್ದಾನೆ, ಇಲ್ಲಾ ಸುಳ್ಳು ಹೇಳುತ್ತಿದ್ದಾನೆ. ತಾರಸಿ ತೊಳೆದು, ಸೋಸಿದ ಸುಣ್ಣಕ್ಕೆ ಅಂಟು ಬೆರೆಸಿ, ಬೇಸಿಗೆಗೆ ಮುಂಚೆ ಎರಡು ಮೂರು ಕೋಟ್ ಹೊಡೆಯಿರಿ. ವರ್ಷ ವರ್ಷ ಹೊಡೆಯಬೇಕು. ಅಹಮದಾಬಾದಿನ ಮಹಿಳಾ ಹೌಸಿಂಗ್ ಟ್ರಸ್ಟ್ ಅನ್ನೋ ಸಂಸ್ಥೆ ಬಡವರ ಬಡಾವಣೆಗಳ ಹೆಣ್ಣುಮಕ್ಕಳ ಜೊತೆ ಸೇರಿ ಇಂಥ ಬಿಳಿ ಚಾವಣಿ ಮಾಡಿಸಿದೆ.

ಪ್ರಶ್ನೆ: ವಾಸ್ತು ಪ್ರಕಾರ ದಕ್ಷಿಣದ ಕಿಟಕಿ ಮುಚ್ಚಿಸಲೇ?

ಉತ್ತರ: ಮುಚ್ಚಬೇಡಿ. ಸಜ್ಜಾ ಹಾಕಿಸಿ.

ಪ್ರಶ್ನೆ: ನಮ್ಮದು ಬಾಡಿಗೆ ತಗಡಿನ ಮನೆ. ಹೊಲಿಗೆ ಕೆಲಸ ಮಾಡುತ್ತೇನೆ. ಮಧ್ಯಾಹ್ನ ತಲೆ ಸುತ್ತುತ್ತದೆ.

ಉತ್ತರ: ತಗಡಿಗೆ ಸುಣ್ಣ ನಿಲ್ಲಲ್ಲ, ಬಿಳಿ ಪೇಂಟ್ ಬೇಕು. ತಗಡಿನ ಕೆಳಗೆ ಒಂದು ಗೇಣು ಬಿಟ್ಟು ಬಿದಿರಿನ ತಟ್ಟಿ ಕಟ್ಟಿಸಿ. ಒಲೆ ಮೇಲೆ ಮಾತ್ರ ಬೇಡ, ಬೆಂಕಿ ಹಿಡಿಯುತ್ತದೆ. ಬೇಸಿಗೆ ಮುಗಿಯುವವರೆಗೆ ಹನ್ನೆರಡರಿಂದ ನಾಲ್ಕರವರೆಗೆ ಮಷಿನ್ ಮುಚ್ಚಿ, ತಣ್ಣಗಿರುವ ಮನೆಯವರ ಜಗುಲಿಗೆ ಹೋಗಿ ಕೂತುಕೊಳ್ಳಿ. ತಲೆಸುತ್ತಿನ ಜೊತೆ ವಾಂತಿ ಬಂದರೆ, ಮಾತು ತಡವರಿಸಿದರೆ ಕಾಯಬೇಡಿ. ಆಗಲೇ ಆಸ್ಪತ್ರೆಗೆ ಹೊರಡಿ.