ಕೀಟನಾಶಕ ಸಿಂಪಡಿಸಿದ ಮೇಲೂ ಬೆಳೆಯಲ್ಲಿ ಜೇಡನುಸಿ ಹೆಚ್ಚುವುದೇಕೆ, ಹತೋಟಿ ಹೇಗೆ?

ಜೇಡನುಸಿಯು ಕೀಟವಲ್ಲ, ಜೇಡದ ಬಳಗಕ್ಕೆ ಸೇರಿದ, ಎಂಟು ಕಾಲುಗಳ, ಸುಮಾರು ಅರ್ಧ ಮಿಲಿಮೀಟರ್ ಉದ್ದದ ಜೀವಿ. ಆದ್ದರಿಂದ ಅನೇಕ ಕೀಟನಾಶಕಗಳು ಅದಕ್ಕೆ ನಾಟುವುದಿಲ್ಲ. ಪೈರೆಥ್ರಾಯ್ಡ್ ಗುಂಪಿನವಂತೂ ನುಸಿಯನ್ನು ತಿಂದು ಬದುಕುವ ಪರಭಕ್ಷಕ ನುಸಿ ಮತ್ತು ಗುಲಗಂಜಿ ಹುಳುಗಳನ್ನೇ ಕೊಲ್ಲುವುದರಿಂದ, ಬಿಸಿಯಾದ ಒಣಹವೆಯಲ್ಲಿ ಸುಮಾರು ಒಂದು ವಾರಕ್ಕೊಂದು ಪೀಳಿಗೆ ಬೆಳೆಸುವ ಈ ಪೀಡೆಗೆ ತಡೆಯೇ ಇಲ್ಲದಂತಾಗುತ್ತದೆ.

ಹಾವಳಿ ಸಾಮಾನ್ಯವಾಗಿ ಹೊಲದ ಅಂಚಿನಲ್ಲಿ, ಅದರಲ್ಲೂ ಧೂಳು ಕೂರುವ ದಾರಿಯ ಪಕ್ಕದಲ್ಲಿ, ಆರಂಭವಾಗುತ್ತದೆ. ಎಲೆಯ ಮೇಲ್ಭಾಗದಲ್ಲಿ ಸೂಜಿಮೊನೆಯಷ್ಟು ಬಿಳಿಚಿದ ಚುಕ್ಕೆಗಳು ಕಂಡರೆ, ಆ ಎಲೆಯನ್ನು ಬಿಳಿ ಕಾಗದದ ಮೇಲೆ ತಟ್ಟಿ ನೋಡಬೇಕು. ಉದುರಿದ ಚುಕ್ಕೆಗಳು ನಡೆದಾಡಿದರೆ ಅವು ನುಸಿಗಳೇ. ಬಲೆ ಕಟ್ಟುವವರೆಗೆ ಕಾದರೆ ಔಷಧ ಒಳಗಿಳಿಯುವುದೇ ಕಷ್ಟ.

ನೀರಿನ ಕೊರತೆಯಿಂದ ಬಳಲುವ ಬೆಳೆಗೆ ಹಾನಿ ಹೆಚ್ಚಾದ್ದರಿಂದ ಮೊದಲು ನೀರಾವರಿ ಸರಿಪಡಿಸುವುದು ಒಳ್ಳೆಯದು. ಔಷಧ ಅನಿವಾರ್ಯವಾದಾಗ ಆ ಬೆಳೆಗೆ ಅನುಮೋದಿತವಾದ ನುಸಿನಾಶಕವನ್ನೇ, ಲೇಬಲ್‌ನಲ್ಲಿರುವ ಪ್ರಮಾಣದಲ್ಲಿ, ಎಲೆಯ ಕೆಳಭಾಗ ತೋಯುವಂತೆ ಸಿಂಪಡಿಸಬೇಕು. ಹೆಕ್ಸಿಥಿಯಾಜಾಕ್ಸ್, ಎಟಾಕ್ಸಜೋಲ್‌ಗಳು ಮೊಟ್ಟೆ ಮತ್ತು ಮರಿಗಳನ್ನು ನಾಶಪಡಿಸಿದರೂ ಪ್ರೌಢ ನುಸಿಗಳನ್ನು ಕೊಲ್ಲುವುದಿಲ್ಲ. ಅಬಾಮೆಕ್ಟಿನ್ ಪ್ರೌಢ ನುಸಿಗಳ ಮೇಲೆ ಕೆಲಸ ಮಾಡುತ್ತದೆ. ಮತ್ತೊಮ್ಮೆ ಸಿಂಪಡಿಸಬೇಕಾದರೆ ಬೇರೆ ಗುಂಪಿನ, ಅಂದರೆ ಬೇರೆ ರೀತಿಯಲ್ಲಿ ನುಸಿಯನ್ನು ಕೊಲ್ಲುವ, ಔಷಧವನ್ನು ಆರಿಸಬೇಕು, ಏಕೆಂದರೆ ನುಸಿಗಳು ನಿರೋಧಕ ಶಕ್ತಿಯನ್ನು ಬಲುಬೇಗ ಬೆಳೆಸಿಕೊಳ್ಳುತ್ತವೆ.