ಸಿಂಡಿಕೇಟಿನಲ್ಲಿ ಮೇಷ್ಟ್ರಿಗೆ ಜಾಗ ಎಲ್ಲಿ?

ಕೊಡಗಿನ ಗೋಣಿಕೊಪ್ಪಲಿನ ಉಪನ್ಯಾಸಕಿಯೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಅವರು ಹಿಂದೆ ಹೊರಜಿಲ್ಲೆಯ ಒಂದು ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡುತ್ತಿದ್ದಾಗ ನಡೆದದ್ದು ಇದು. ಅವರ ವಿಭಾಗದ ವಿಚಾರ ಸಂಕಿರಣಕ್ಕೆ ಯಾರನ್ನು ಕರೆಯಬೇಕು, ಯಾರನ್ನು ಬಿಡಬೇಕು ಅಂತ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟಿನ ನಾಮನಿರ್ದೇಶಿತ ಸದಸ್ಯರೊಬ್ಬರು ಮುಖ್ಯಸ್ಥರಿಗೆ ಫೋನ್ ಮಾಡಿದರಂತೆ. ಮಾರನೆಯ ದಿನ ಆಹ್ವಾನ ಪತ್ರಿಕೆಯಿಂದ ಒಂದು ಹೆಸರು ಹೋಯಿತು. ವಿಭಾಗದಲ್ಲಿ ಯಾರೂ ಬಾಯಿ ಬಿಡಲಿಲ್ಲ. ಪತ್ರದ ಕೊನೆಗೆ ಕೇಳುತ್ತಾರೆ: "ಸಿಂಡಿಕೇಟಿಗೆ ಪಕ್ಷದವರು ಬರೋದು ಹೊಸದೇನಲ್ಲ. ಅಮೆರಿಕದಲ್ಲೂ ಹೀಗೇ ಆಗ್ತಿದೆಯಂತೆ. ಪಾಠ ಮಾಡ್ಕೊಂಡು ಸುಮ್ನೆ ಇರೋಣ, ನಮಗ್ಯಾಕೆ ಆ ಉಸಾಬರಿ ಅಂತಾರೆ ನನ್ನ ಜೊತೆಯವರು. ಅವರು ಹೇಳೋದು ಸರಿಯಾ?"

ಸಂಪಾದಕರ ಉತ್ತರ:

ಮೇಡಂ, ನಿಮ್ಮ ಜೊತೆಯವರ ಭಯ ನನಗೆ ಅರ್ಥವಾಗುತ್ತದೆ. ಆದರೆ ಅವರ ಮಾತನ್ನು ಒಪ್ಪಲಾರೆ. ಪಾಠ ಬೇರೆ, ಸಿಂಡಿಕೇಟ್ ಬೇರೆ ಎಂದುಕೊಂಡಿದ್ದರಿಂದಲೇ ಆ ಫೋನ್ ಕರೆಗೆ ಅಷ್ಟು ಬಲ ಬಂತು.

ಸಿಂಡಿಕೇಟ್ ಏನು ಮಾಡುತ್ತದೆ ಎಂಬುದು ಹೊರಗಿನವರಿಗೆ ಅಷ್ಟಾಗಿ ಗೊತ್ತಿರುವುದಿಲ್ಲ. ನಿಮಗೆ ಗೊತ್ತು. ಒಂದು ಕಾಲೇಜಿಗೆ ಎಲ್‌ಐಸಿ (ಕಾಲೇಜು ನೋಡಲು ವಿಶ್ವವಿದ್ಯಾಲಯ ಕಳಿಸುವ ಸ್ಥಳೀಯ ವಿಚಾರಣಾ ಸಮಿತಿ) ಬರುವ ದಿನ ಹೇಗಿರುತ್ತದೆ, ನೆನೆಸಿಕೊಳ್ಳಿ. ಗ್ರಂಥಾಲಯದ ರಿಜಿಸ್ಟರ್ ಮೇಜಿನ ಮೇಲೆ ಬರುತ್ತದೆ. ಪ್ರಯೋಗಾಲಯದ ಬೀಗ ತೆಗೆದು ಧೂಳು ಒರೆಸುತ್ತಾರೆ. ಪ್ರಾಂಶುಪಾಲರು ಬೆಳಿಗ್ಗೆಯಿಂದ ಗೇಟಿನ ಕಡೆಗೇ ನೋಡುತ್ತಿರುತ್ತಾರೆ. ಆ ತಂಡದಲ್ಲಿ ಸಿಂಡಿಕೇಟ್ ಸದಸ್ಯರೂ ಇರುತ್ತಾರೆ. ಕಾಲೇಜಿಗೆ ಸಂಯೋಜನೆ ಮುಂದುವರಿಯಬೇಕೇ, ಹೊಸ ಕೋರ್ಸ್ ಕೊಡಬಹುದೇ ಎಂಬ ವರದಿ ಅವರ ಕೈಯಲ್ಲಿ. ಮುಂದೆ ಅದು ತೀರ್ಮಾನಕ್ಕೆ ಬರುವುದೂ ಸಿಂಡಿಕೇಟಿಗೇ. ಕಟ್ಟಡದ ಕಾಮಗಾರಿ, ಖರೀದಿ, ನೇಮಕಾತಿ, ಶಿಸ್ತು ಕ್ರಮ ಎಲ್ಲವೂ ಅಲ್ಲಿಗೇ ಹೋಗುತ್ತವೆ. ಆ ಕುರ್ಚಿಗೆ ಯಾಕೆ ಅಷ್ಟು ಬೇಡಿಕೆ ಎಂಬುದಕ್ಕೆ ಬೇರೆ ವಿವರಣೆ ಬೇಡ.

ಇನ್ನು ಆ ಕುರ್ಚಿಗಳನ್ನು ತುಂಬುವ ಬಗೆ. 1976ರ ವಿಶ್ವವಿದ್ಯಾಲಯಗಳ ಕಾಯ್ದೆಯಲ್ಲಿ ಸೆನೆಟ್ ಎಂಬ ಸಭೆ ಇತ್ತು. ಅಧ್ಯಾಪಕರು, ಪದವೀಧರರು ಮತ ಹಾಕಿ ತಮ್ಮವರನ್ನು ಅಲ್ಲಿಗೆ ಕಳಿಸುತ್ತಿದ್ದರು. ಆ ಚುನಾವಣೆಗಳಲ್ಲಿ ಜಾತಿ ಲೆಕ್ಕ, ಗುಂಪುಗಾರಿಕೆ ಎಲ್ಲ ಇದ್ದವು, ಅದನ್ನು ಮುಚ್ಚಿಡುವುದು ಬೇಡ. ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆ, 2000 ಬಂದಾಗ ಸೆನೆಟ್ಟೇ ಹೋಯಿತು. ಈಗ ಸಿಂಡಿಕೇಟಿಗೆ ಸರ್ಕಾರ ಆರು ಮಂದಿಯನ್ನು ನಾಮನಿರ್ದೇಶನ ಮಾಡುತ್ತದೆ. ರಾಜ್ಯಪಾಲರು ಕುಲಾಧಿಪತಿಯಾಗಿ ತಮ್ಮ ಕಡೆಯವರನ್ನು ಹೆಸರಿಸುತ್ತಾರೆ. ಅಧಿಕಾರಿಗಳು ಹುದ್ದೆಯ ಬಲದಿಂದ ಬರುತ್ತಾರೆ. ಡೀನ್‌ಗಳು, ಪ್ರಾಂಶುಪಾಲರು ಸರದಿಯ ಮೇಲೆ ಬಂದು ಹೋಗುತ್ತಾರೆ. ಅಧ್ಯಾಪಕರು ತಾವೇ ಆರಿಸಿ ಕಳಿಸಿದವರು ಅಲ್ಲಿಲ್ಲ. ಕುಲಪತಿಯ ಹುದ್ದೆ ಖಾಲಿಯಾದಾಗ ನಾಲ್ಕು ಜನರ ಶೋಧನಾ ಸಮಿತಿ ಆಗುತ್ತದಲ್ಲ, ಅದರಲ್ಲಿ ಒಬ್ಬರನ್ನು ಕಳಿಸುವುದು ಇದೇ ಸಿಂಡಿಕೇಟ್. ಸಮಿತಿ ಕೊಟ್ಟ ಹೆಸರುಗಳಲ್ಲಿ ರಾಜ್ಯಪಾಲರು ಒಬ್ಬರನ್ನು ಆರಿಸುವುದೂ ಸರ್ಕಾರದ ಸಹಮತಿ ಪಡೆದೇ. ಅಂದರೆ ಸರ್ಕಾರದ ಕೈ ಒಂದೇ ಬಾಗಿಲಿನಿಂದ ಬರುವುದಿಲ್ಲ.

ಹಾಗಂತ ಸರ್ಕಾರ ಹೊರಗಿರಲಿ ಎಂದು ನಾನು ಹೇಳುವುದಿಲ್ಲ. ಜನರ ತೆರಿಗೆಯಿಂದ ನಡೆಯುವ ವಿಶ್ವವಿದ್ಯಾಲಯ ಜನರಿಗೆ ಲೆಕ್ಕ ಕೊಡಲೇಬೇಕು. ನಾಮನಿರ್ದೇಶನದಲ್ಲಿ ಪರಿಶಿಷ್ಟರಿಗೆ, ಹಿಂದುಳಿದವರಿಗೆ, ಅಲ್ಪಸಂಖ್ಯಾತರಿಗೆ, ಮಹಿಳೆಯರಿಗೆ ಜಾಗ ಇಟ್ಟದ್ದು ಒಳ್ಳೆಯದೇ ಆಯಿತು. ಹಾಸ್ಟೆಲ್ ಊಟದ ಬಗ್ಗೆ, ವಿದ್ಯಾರ್ಥಿವೇತನ ತಡವಾದದ್ದರ ಬಗ್ಗೆ ಸಭೆಯಲ್ಲಿ ದನಿ ಎತ್ತಿದ ನಾಮನಿರ್ದೇಶಿತರೂ ಇದ್ದಾರೆ. ಅವರನ್ನು ಪಕ್ಷದವರು ಎಂದು ತಳ್ಳಿಹಾಕುವುದು ಅನ್ಯಾಯ. ನನ್ನ ತಕರಾರು ಒಂದೇ. ಸರ್ಕಾರ ಬದಲಾದ ಕೂಡಲೇ ಈ ಸದಸ್ಯರೂ ಬದಲಾಗುವುದನ್ನು ನಾವೆಲ್ಲ ಕಂಡಿದ್ದೇವೆ. ಯಾರ ದಯೆಯಿಂದ ಕುರ್ಚಿ ಬಂತೋ ಅವರ ಮುಖ ನೋಡಿಯೇ ಕೈ ಎತ್ತಬೇಕಾದ ಸ್ಥಿತಿ ಅದು. ಒಳ್ಳೆಯವರನ್ನೂ ಅದು ಕಟ್ಟಿಹಾಕುತ್ತದೆ.

ಪಕ್ಕದ ಕೇರಳದ ಕಣ್ಣೂರಿನ ಸಂಗತಿ ನೋಡಿ. ವಿರಾಜಪೇಟೆಯಿಂದ ಮಾಕುಟ್ಟ ಇಳಿದರೆ ಆ ಜಿಲ್ಲೆ. ಕಣ್ಣೂರು ವಿಶ್ವವಿದ್ಯಾಲಯದ ಕುಲಪತಿಯನ್ನು ಮತ್ತೆ ಅದೇ ಹುದ್ದೆಗೆ ನೇಮಿಸಿದ್ದನ್ನು ಸುಪ್ರೀಂ ಕೋರ್ಟ್ 2023ರ ನವೆಂಬರ್ 30ರಂದು ರದ್ದು ಮಾಡಿತು. ಮತ್ತೆ ನೇಮಿಸಲು ಕಾನೂನಿನಲ್ಲಿ ಅವಕಾಶ ಇತ್ತು. ನೇಮಿಸಬೇಕಾದ ಕುಲಾಧಿಪತಿ ತಮ್ಮ ಸ್ವಂತ ವಿವೇಚನೆ ಬಳಸಲಿಲ್ಲ, ರಾಜ್ಯ ಸರ್ಕಾರ ನಡುವೆ ಕೈ ಹಾಕಿತು ಎಂಬುದೇ ಕೋರ್ಟಿನ ಆಕ್ಷೇಪ. ಈ ತೀರ್ಪು ನಿಮ್ಮ ಮುಖ್ಯಸ್ಥರಂಥವರಿಗೂ ಸಲ್ಲುತ್ತದೆ ಎಂದು ನಾನು ತಿಳಿಯುತ್ತೇನೆ. ಯಾರನ್ನು ಕರೆಯಬೇಕು ಎಂಬ ತೀರ್ಮಾನ ವಿಭಾಗದ್ದು. ಅದನ್ನು ಫೋನಿನಲ್ಲಿ ಬಂದ ಮಾತಿಗೆ ಒಪ್ಪಿಸಿಬಿಟ್ಟರೆ ಆ ಹುದ್ದೆ ಇದ್ದೂ ಇಲ್ಲದಂತೆ ಅಲ್ವಾ?

2025ರ ಜನವರಿಯಲ್ಲಿ ಕೇಂದ್ರದ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಹೊಸ ಕರಡು ನಿಯಮ ತಂದಾಗ ದೊಡ್ಡ ಗದ್ದಲ ಆಯಿತು. ಕುಲಪತಿ ಆಯ್ಕೆ ಸಮಿತಿಯಲ್ಲಿ ರಾಜ್ಯ ಸರ್ಕಾರಕ್ಕೆ ಜಾಗವೇ ಇಲ್ಲ ಎಂದು ರಾಜ್ಯಗಳು ಸಿಟ್ಟಾದವು. ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಕೆಲವು ರಾಜ್ಯಗಳ ಉನ್ನತ ಶಿಕ್ಷಣ ಸಚಿವರು ಸೇರಿ ವಿರೋಧಿಸಿದರು. ರಾಜ್ಯಗಳ ವಾದದಲ್ಲಿ ಹುರುಳಿದೆ. ರಾಜ್ಯ ಕಟ್ಟಿದ, ರಾಜ್ಯ ಸಂಬಳ ಕೊಡುವ ಸಂಸ್ಥೆಗೆ ದೆಹಲಿಯಿಂದ ಮುಖ್ಯಸ್ಥರನ್ನು ಇಳಿಸುವುದು ಸರಿಯಲ್ಲ. ಆದರೆ ಆ ಚರ್ಚೆಯನ್ನೆಲ್ಲ ಓದಿ ನನಗೆ ಬೇಸರವಾದದ್ದು ಬೇರೆ ಕಾರಣಕ್ಕೆ. ರಾಜಭವನದ ಕೈ ಮೇಲಾಗಬೇಕೋ ವಿಧಾನಸೌಧದ ಕೈ ಮೇಲಾಗಬೇಕೋ ಎಂಬುದರ ಸುತ್ತಲೇ ಮಾತು ಸುತ್ತಿತು. ತರಗತಿಯಲ್ಲಿ ನಿಂತು ಪಾಠ ಮಾಡುವವರ ಮಾತಿಗೆ ಎಷ್ಟು ಬೆಲೆ ಎಂಬ ಪ್ರಶ್ನೆ ಮುಂದೆ ಬರಲೇ ಇಲ್ಲ.

ಅಮೆರಿಕದ ವಿಷಯ ಎತ್ತಿದ್ದೀರಿ. ಫ್ಲಾರಿಡಾದ ನ್ಯೂ ಕಾಲೇಜ್ ಒಂದು ಸಣ್ಣ ಸರ್ಕಾರಿ ಕಾಲೇಜು. 2023ರ ಜನವರಿಯಲ್ಲಿ ಅಲ್ಲಿನ ಗವರ್ನರ್ ರಾನ್ ಡಿಸಾಂಟಿಸ್ ಅದರ ಆಡಳಿತ ಮಂಡಳಿಗೆ ಒಟ್ಟಿಗೇ ಆರು ಹೊಸ ಸದಸ್ಯರನ್ನು ಹಾಕಿದರು. ಮಂಡಳಿಯಲ್ಲಿ ಇರುವುದೇ ಹದಿಮೂರು ಜನ. ಅದೇ ತಿಂಗಳ ಕೊನೆಯ ದಿನ ಕಾಲೇಜಿನ ಅಧ್ಯಕ್ಷೆಯನ್ನು ತೆಗೆದುಹಾಕಲಾಯಿತು. ಏಪ್ರಿಲ್‌ನಲ್ಲಿ ಐವರು ಅಧ್ಯಾಪಕರಿಗೆ ಕಾಯಂ ಹುದ್ದೆ ಕೊಡಲು ಮಂಡಳಿ ಒಪ್ಪಲಿಲ್ಲ. ಮಂಡಳಿಯಲ್ಲಿ ಅಧ್ಯಾಪಕರ ಒಬ್ಬ ಪ್ರತಿನಿಧಿ ಇದ್ದರು. ಅವರು ಆ ಸಭೆಯ ಕೊನೆಗೆ ರಾಜೀನಾಮೆ ಹೇಳಿ ಎದ್ದು ಹೋದರು. ಒಂದು ಕುರ್ಚಿ ಇದ್ದ ಮಾತ್ರಕ್ಕೆ ಸಾಲದು ಎಂಬುದಕ್ಕೆ ಇದನ್ನು ಹೇಳಿದೆ. ಹಾಗೇ, ಮಂಡಳಿಯ ಕೈ ಹೋದದ್ದು ಅಧ್ಯಾಪಕರ ಕೆಲಸದ ಭದ್ರತೆಯ ಮೇಲೆ ಎಂಬುದನ್ನೂ ಗಮನಿಸಿ.

ಇಲ್ಲಿ ಅಸಲು ವಿಷಯಕ್ಕೆ ಬರುತ್ತೇನೆ. ನಮ್ಮ ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಸಾವಿರಾರು ಅತಿಥಿ ಉಪನ್ಯಾಸಕರಿದ್ದಾರೆ. ವಿಶ್ವವಿದ್ಯಾಲಯಗಳಲ್ಲೂ ಅದೇ ಕತೆ. ವರ್ಷ ವರ್ಷ ಕೌನ್ಸೆಲಿಂಗ್, ವರ್ಷ ವರ್ಷ ಆದೇಶ. ರಜೆಯ ತಿಂಗಳಲ್ಲಿ ಸಂಬಳ ಇಲ್ಲ. ಮುಂದಿನ ಜೂನ್‌ಗೆ ಕೆಲಸ ಇರುತ್ತದೋ ಇಲ್ಲವೋ ಗೊತ್ತಿಲ್ಲದವರು ಸಿಂಡಿಕೇಟ್ ಸದಸ್ಯರ ಮಾತಿಗೆ ಎದುರು ಹೇಳಬೇಕು ಎಂದು ನಾವು ಹೇಗೆ ಕೇಳುವುದು? ನಿಮ್ಮ ವಿಭಾಗದಲ್ಲಿ ಅವತ್ತು ಯಾರೂ ಮಾತಾಡಲಿಲ್ಲ ಎಂದಿರಿ. ಅವರಲ್ಲಿ ಕಾಯಂ ನೌಕರರು ಎಷ್ಟು ಮಂದಿ ಇದ್ದರು, ಯೋಚಿಸಿ. ಕಾಯಂ ಹುದ್ದೆ ತುಂಬದೆ ಬಿಟ್ಟರೆ ಸರ್ಕಾರಕ್ಕೆ ದುಡ್ಡು ಉಳಿಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಜೊತೆಗೆ ಬಾಯಿಗೆ ಬೀಗವೂ ಬೀಳುತ್ತದೆ. ನನ್ನ ಮಟ್ಟಿಗೆ ರಾಜಕೀಯ ಹಸ್ತಕ್ಷೇಪದ ಬೇರು ಇರುವುದು ಇಲ್ಲೇ. ಸಿಂಡಿಕೇಟ್ ಸುಧಾರಣೆ ಕೇಳುವವರು ಅತಿಥಿ ಉಪನ್ಯಾಸಕರ ಬೇಡಿಕೆಯನ್ನು ಬೇರೆಯವರ ಹೋರಾಟ ಎಂದುಕೊಂಡರೆ ಎರಡೂ ಕೈಗೂಡುವುದಿಲ್ಲ.

ಕೊಡಗಿನಲ್ಲಿ ಇದು ಇನ್ನೂ ಸೂಕ್ಷ್ಮ. 1949ರಲ್ಲಿ ಶುರುವಾದ ಮಡಿಕೇರಿಯ ಕಾಲೇಜು, ಈಗಿನ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಕಾಲೇಜು, ಮೈಸೂರು ವಿಶ್ವವಿದ್ಯಾಲಯವನ್ನೂ ಕಂಡಿದೆ, 1980ರ ನಂತರ ಮಂಗಳೂರು ವಿಶ್ವವಿದ್ಯಾಲಯವನ್ನೂ ಕಂಡಿದೆ. ಒಂದು ಅಂಕಪಟ್ಟಿ ತಿದ್ದುಪಡಿಗೆ ನಮ್ಮ ಮಕ್ಕಳು ಸಂಪಾಜೆ ಘಾಟಿ ಇಳಿದು ಮಂಗಳೂರು ವಿಶ್ವವಿದ್ಯಾಲಯ ಇರುವ ಕೊಣಾಜೆಗೆ ಹೋಗುತ್ತಿದ್ದ ಕಾಲ ಮರೆತಿಲ್ಲ. 2018ರ ಆಗಸ್ಟ್‌ನಲ್ಲಿ ಆ ರಸ್ತೆಯೇ ಕುಸಿದಾಗ ಅದೂ ನಿಂತಿತು. 2023ರಲ್ಲಿ ಚಿಕ್ಕ ಅಳುವಾರದಲ್ಲಿ ಕೊಡಗು ವಿಶ್ವವಿದ್ಯಾಲಯ ಆದಾಗ ಜನಕ್ಕೆ ಸಂತೋಷವಾದದ್ದು ಅದಕ್ಕೇ. ಎರಡು ವರ್ಷ ಆಗುವಷ್ಟರಲ್ಲಿ, 2025ರ ಫೆಬ್ರವರಿಯಲ್ಲಿ, ಹೊಸ ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಮುಚ್ಚುವ ಮಾತು ಸಂಪುಟ ಉಪಸಮಿತಿಯಿಂದ ಬಂತು. ಅದರಲ್ಲಿ ನಮ್ಮದೂ ಇತ್ತು. ಒಂದು ಸರ್ಕಾರ ಹಣ, ಹುದ್ದೆ ಸರಿಯಾಗಿ ಕೊಡದೆ ಆರಂಭಿಸಿತು. ಇನ್ನೊಂದು ಸರ್ಕಾರ ಹಣ, ಹುದ್ದೆ ಇಲ್ಲ ಎಂದೇ ಮುಚ್ಚಲು ಹೊರಟಿತು. ಎರಡೂ ಸಲ ಅಧ್ಯಾಪಕರನ್ನು ಕೂರಿಸಿಕೊಂಡು ಕೇಳಬೇಕಿತ್ತು. ಇರುವುದು ಇಬ್ಬರು ಶಾಸಕರ ಸಣ್ಣ ಜಿಲ್ಲೆ ನಮ್ಮದು. ಆಡಳಿತದವರು, ಪಕ್ಷದವರು, ಮೇಷ್ಟ್ರು ಎಲ್ಲ ಒಂದೇ ಮದುವೆ ಮನೆಯಲ್ಲಿ ಸಿಗುವವರು. ಗುರುತು ಪರಿಚಯದ ಮಾತು ಇಲ್ಲಿ ಆದೇಶಕ್ಕಿಂತ ಜೋರಾಗಿ ಕೇಳಿಸುತ್ತದೆ. ಹಾಗಾಗಿ ನಿಯಮ, ಬರವಣಿಗೆ, ದಾಖಲೆ ಇವುಗಳನ್ನು ನಾವು ಬೇರೆಯವರಿಗಿಂತ ಜಾಸ್ತಿ ಬಿಗಿಯಾಗಿ ಹಿಡಿದುಕೊಳ್ಳಬೇಕು.

ಹಾಗಾದರೆ ಏನು ಮಾಡಬಹುದು? ಕಾಯ್ದೆಗೆ ತಿದ್ದುಪಡಿ ಬೇಕು. ಅಧ್ಯಾಪಕರೇ ಆರಿಸಿದ ಕನಿಷ್ಠ ಮೂರು ನಾಲ್ಕು ಮಂದಿ ಸಿಂಡಿಕೇಟಿನಲ್ಲಿರಬೇಕು, ಅದರಲ್ಲಿ ಒಂದು ಜಾಗ ಅತಿಥಿ ಉಪನ್ಯಾಸಕರಿಗೆ. ನಾಮನಿರ್ದೇಶಿತರನ್ನು ಅವಧಿಗೆ ಮುಂಚೆ ತೆಗೆಯಬೇಕಾದರೆ ಕಾರಣ ಬರೆದು ಕೊಡಬೇಕು. ಇದಕ್ಕೆ ಕಾಲ ಹಿಡಿಯುತ್ತದೆ. ಅಷ್ಟರವರೆಗೆ ಕಣ್ಣಿಡಬೇಕಾದ ಜಾಗ ಸಿಂಡಿಕೇಟಿನ ನಡಾವಳಿ, ಅಂದರೆ ಸಭೆಯ ಲಿಖಿತ ದಾಖಲೆ. ಕಾರ್ಯಸೂಚಿಯ ಕೊನೆಯಲ್ಲಿ "ಅಧ್ಯಕ್ಷರ ಅನುಮತಿಯೊಂದಿಗೆ ಇತರೆ ವಿಷಯಗಳು" ಎಂದಿರುತ್ತದೆ. ಮೊದಲೇ ಹಂಚದ ವಿಷಯಗಳು ಅಲ್ಲಿ ಸಭೆಯ ಮೇಜಿಗೆ ಬಂದು ಹತ್ತು ನಿಮಿಷದಲ್ಲಿ ಮುಗಿಯಬಹುದು. "ಘಟನೋತ್ತರ ಅನುಮೋದನೆ" ಎಂದಿರುವ ಸಾಲುಗಳನ್ನೂ ನೋಡಿ. ಕೆಲಸ ಮೊದಲೇ ಮುಗಿದಿರುತ್ತದೆ, ಸಭೆ ಒಪ್ಪಿಗೆ ಮಾತ್ರ ಕೊಡುತ್ತದೆ. ತುರ್ತು ಇದ್ದಾಗ ಇದು ಬೇಕಾಗುತ್ತದೆ. ಎಲ್ಲದಕ್ಕೂ ಇದೇ ಆದರೆ ಪ್ರಶ್ನೆ ಎತ್ತಬೇಕು.

ನಡಾವಳಿ ಗುಟ್ಟಿನ ಕಾಗದ ಅಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಕೇಳಿದರೆ ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ಅಧ್ಯಾಪಕರೇ ಕೇಳಬೇಕು ಎಂದಿಲ್ಲ. ಹಳೆಯ ವಿದ್ಯಾರ್ಥಿಯೊಬ್ಬರು ಅಥವಾ ಪೋಷಕರೊಬ್ಬರು ಕೇಳಿದರೂ ಸಾಕು, ನಿಮ್ಮ ಹೆಸರು ಎಲ್ಲೂ ಬರುವುದಿಲ್ಲ. ಇನ್ನು ಫೋನ್ ಬಂದರೆ, "ಸರ್, ದಯವಿಟ್ಟು ಇದನ್ನು ಪತ್ರದಲ್ಲಿ ಕಳಿಸಿ, ವಿಭಾಗದ ಸಭೆಯಲ್ಲಿ ಇಡ್ತೇವೆ" ಎನ್ನಿ. ಮರ್ಯಾದೆಯ ಮಾತೇ ಅದು. ಪತ್ರ ಬರೆಯಲು ಎಷ್ಟು ಜನ ಮುಂದಾಗುತ್ತಾರೆ ನೋಡಿ. ಪಠ್ಯಕ್ರಮ ರೂಪಿಸುವ ಅಧ್ಯಯನ ಮಂಡಳಿಯಲ್ಲಿ ನಿಮ್ಮ ಭಿನ್ನಾಭಿಪ್ರಾಯ ಇದ್ದರೆ ಎರಡೇ ಸಾಲಾದರೂ ನಡಾವಳಿಯಲ್ಲಿ ಬರೆಸಿ. ಮುಂದಿನ ಸಭೆಯಲ್ಲಿ ನಡಾವಳಿ ದೃಢೀಕರಿಸುವಾಗ ಆ ಎರಡು ಸಾಲು ಉಳಿದಿದೆಯೇ ಎಂದು ನೋಡಿಯೇ ಸಹಿ ಹಾಕಿ.

ಈ ಜಿಲ್ಲೆಗೆ ಸಂಬಂಧಿಸಿದ ನಡಾವಳಿಗಳು ನಿಮಗಾಗಲಿ ಬೇರೆ ಓದುಗರಿಗಾಗಲಿ ಸಿಕ್ಕಿದರೆ ನಮಗೆ ಒಂದು ಪ್ರತಿ ಕಳಿಸಿ. ಅದರಲ್ಲಿ ಹೆಸರಿರುವವರ ಉತ್ತರವನ್ನೂ ಕೇಳಿ, ಎರಡನ್ನೂ ಒಟ್ಟಿಗೆ ಪ್ರಕಟಿಸುತ್ತೇವೆ. ಕಳಿಸಿದವರ ಹೆಸರು ನಮ್ಮ ಕಚೇರಿಯಿಂದ ಆಚೆ ಹೋಗುವುದಿಲ್ಲ.