ಎರಡು ಊರಿನ ಸಣ್ಣ ಕಚೇರಿಗಳನ್ನು ವಿಪಿಎನ್ ಮೂಲಕ ಜೋಡಿಸಿ ಟ್ಯಾಲಿ ಫೋಲ್ಡರ್ ಹಂಚಿಕೊಳ್ಳಲು 10,000 ರೂಪಾಯಿಯೊಳಗೆ ಯಾವ ರೌಟರ್ ಕೊಳ್ಳಬೇಕು?

ಇದೇ ಪ್ರಶ್ನೆಯನ್ನು ಹಿಡಿದುಕೊಂಡು ನಾಲ್ಕು ವರ್ಷಗಳ ಹಿಂದೆ ನಾನು ಹುಬ್ಬಳ್ಳಿಯ ಕಂಪ್ಯೂಟರ್ ಅಂಗಡಿಗಳನ್ನೆಲ್ಲ ಸುತ್ತಿದ್ದೆ. ನಮ್ಮದು ಔಷಧಿಗಳ ಸಗಟು ವ್ಯಾಪಾರ. ಮುಖ್ಯ ಕಚೇರಿ ಹುಬ್ಬಳ್ಳಿಯಲ್ಲಿ, ಶಾಖೆ ಶಿರಸಿಯಲ್ಲಿ. ಲೆಕ್ಕ ಬರೆಯುವುದು ನನ್ನ ಕೆಲಸವಾದರೂ, ಕಂಪ್ಯೂಟರ್ ಸ್ವಲ್ಪ ಗೊತ್ತಿದೆ ಎಂಬ ಕಾರಣಕ್ಕೆ ನೆಟ್‌ವರ್ಕ್ ಕೂಡ ನನ್ನ ಕೊರಳಿಗೇ ಬಿದ್ದಿತ್ತು.

ಕೊನೆಗೆ ಹೊಸ ರೌಟರ್ ಕೊಳ್ಳಲೇ ಇಲ್ಲ. ಮೂಲೆ ಸೇರಿದ್ದ ಎರಡು ಹಳೆಯ ಡೆಸ್ಕ್‌ಟಾಪ್‌ಗಳಿಗೆ ಲಿನಕ್ಸ್ ಹಾಕಿ, ಅದರಲ್ಲಿ ವೈರ್‌ಗಾರ್ಡ್ ಕೂರಿಸಿದೆ, ಅಂದರೆ ಇಂಟರ್‌ನೆಟ್ ಮೇಲೆಯೇ ಎರಡು ಜಾಲಗಳ ನಡುವೆ ಗುಪ್ತ ದಾರಿ (ವಿಪಿಎನ್) ಮಾಡಿಕೊಡುವ ತಂತ್ರಾಂಶ. 2020ರ ಮಾರ್ಚ್‌ನಲ್ಲಿ ಬಂದ ಲಿನಕ್ಸ್ 5.6ರಿಂದ ಅದು ಲಿನಕ್ಸ್‌ನ ತಿರುಳಾದ ಕರ್ನೆಲ್‌ನೊಳಗೇ ಇದೆ, ಪರವಾನಗಿ ಶುಲ್ಕವಿಲ್ಲ, ಎರಡೂ ಕಡೆ ಹತ್ತಾರು ಸಾಲಿನ ಒಂದೊಂದು ಕಡತ ಬರೆದರೆ ಸಾಕು. ಹುಬ್ಬಳ್ಳಿಯಲ್ಲಿ ಸ್ಟ್ಯಾಟಿಕ್ ಐಪಿ, ಅಂದರೆ ಬದಲಾಗದ ಇಂಟರ್‌ನೆಟ್ ವಿಳಾಸ, ಇತ್ತು. ಶಿರಸಿಯ ರೌಟರ್‌ನಲ್ಲಿ ಹೊರಗಿನ ವಿಳಾಸ 100.72 ಎಂದು ಆರಂಭವಾಗುತ್ತಿತ್ತು, 100.64ರಿಂದ 100.127ರವರೆಗಿನ ವಿಳಾಸ ಕಂಡರೆ ನೀವು ಸಿಜಿನ್ಯಾಟ್‌ನ (ಒಂದೇ ಹೊರ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚುವ ಇಂಟರ್‌ನೆಟ್ ಕಂಪನಿಯ ವ್ಯವಸ್ಥೆಯ) ಹಿಂದೆ ಇದ್ದೀರಿ, ಹೊರಗಿನಿಂದ ಯಾರೂ ನಿಮ್ಮನ್ನು ಕರೆಯಲಾರರು ಎಂದು ತಿಳಿಯಿರಿ. ಅದರಿಂದ ತೊಂದರೆಯೇನೂ ಆಗಲಿಲ್ಲ. ಶಿರಸಿಯೇ ಹುಬ್ಬಳ್ಳಿಯನ್ನು ಕರೆದು, 25 ಸೆಕೆಂಡಿಗೊಮ್ಮೆ ಒಂದು ಸಣ್ಣ ಡೇಟಾ ಪ್ಯಾಕೆಟ್ ಕಳಿಸಿ ದಾರಿಯನ್ನು ತೆರೆದಿಟ್ಟುಕೊಳ್ಳುತ್ತಿತ್ತು. ನಿಮ್ಮ ಎರಡೂ ಕಚೇರಿಗಳು ಸಿಜಿನ್ಯಾಟ್‌ನಲ್ಲಿದ್ದರೆ ಮಾತ್ರ, ಒಂದು ಕಡೆ ಸ್ಟ್ಯಾಟಿಕ್ ಐಪಿ ಕೇಳಿ ಪಡೆಯಬೇಕು ಅಥವಾ ನಡುವೆ ಒಂದು ಅಗ್ಗದ ಬಾಡಿಗೆ ಸರ್ವರ್ ಇಟ್ಟುಕೊಳ್ಳಬೇಕು.

ನಾನು ಎಡವಿದ್ದು ಬೇರೆ ಕಡೆ. ಶಿರಸಿಯಲ್ಲಿ ಕುಳಿತು ಹುಬ್ಬಳ್ಳಿಯ ಸರ್ವರ್ ಆದ 192.168.1.10ಕ್ಕೆ ಪಿಂಗ್ ಮಾಡಿದೆ, ಅಂದರೆ ಉತ್ತರ ಬರುತ್ತದೆಯೇ ಎಂದು ನೋಡುವ ಪರೀಕ್ಷಾ ಪ್ಯಾಕೆಟ್ ಕಳಿಸಿದೆ. ನಾಲ್ಕಕ್ಕೆ ನಾಲ್ಕೂ ಉತ್ತರ ಬಂದವು. ತಕ್ಷಣ ಫೋನ್ ಮಾಡಿ, “ಲೈನ್ ಕೂಡಿತ್ರಿ, ಸಾವಕಾರ್ರ” ಎಂದೆ. ಆದರೆ ಫೋಲ್ಡರ್ ತೆರೆಯಲಿಲ್ಲ. ಎರಡು ದಿನ ಫೈರ್‌ವಾಲ್ ತಡಕಿದೆ, ವೈರ್‌ಗಾರ್ಡ್‌ನ ಗುಪ್ತ ಕೀಲಿಗಳನ್ನು ಮೂರು ಸಲ ಹೊಸದಾಗಿ ಮಾಡಿದೆ. ಮೂರನೆಯ ರಾತ್ರಿ ಬೇಸತ್ತು ವೈರ್‌ಗಾರ್ಡ್ ಪೆಟ್ಟಿಗೆಯ ಕೇಬಲ್ಲನ್ನೇ ಕಿತ್ತೆ. ಪಿಂಗ್‌ಗೆ ಆಗಲೂ ಉತ್ತರ ಬರುತ್ತಲೇ ಇತ್ತು. ಉತ್ತರ ಕೊಡುತ್ತಿದ್ದುದು ಹುಬ್ಬಳ್ಳಿಯ ಸರ್ವರ್ ಅಲ್ಲ, ನನ್ನ ತಲೆಯ ಮೇಲಿನ ಕಪಾಟಿನಲ್ಲಿದ್ದ, ಕ್ಯಾಮೆರಾಗಳ ದೃಶ್ಯ ಮುದ್ರಿಸಿಡುವ ಡಿವಿಆರ್. ಅದರ ವಿಳಾಸವೂ 192.168.1.10. ಪರದೆಯ ಮೇಲೆ ಮೊದಲಿನಿಂದಲೂ “ಒಂದು ಮಿಲಿಸೆಕೆಂಡಿಗಿಂತ ಕಡಿಮೆ” ಎಂದು ಕಾಣುತ್ತಿತ್ತು. ನೂರು ಕಿಲೋಮೀಟರ್ ಆಚೆಯಿಂದ, ನಮ್ಮ ಬ್ರಾಡ್‌ಬ್ಯಾಂಡ್ ಮೇಲೆ, ಅಷ್ಟು ಬೇಗ ಉತ್ತರ ಬರುವುದು ಸಾಧ್ಯವೇ ಎಂದು ನಾನು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಇದನ್ನು ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ನೀವೂ ಇಲ್ಲಿಯೇ ಬೀಳುತ್ತೀರಿ ಎಂಬ ಅನುಮಾನ ನನಗಿದೆ. ಕಂಪ್ಯೂಟರ್ ಯಾವುದೇ ಪ್ಯಾಕೆಟ್ ಕಳಿಸುವ ಮೊದಲು, ತಲುಪಬೇಕಾದ ವಿಳಾಸ ತನ್ನದೇ ಸಬ್‌ನೆಟ್‌ನದೋ (ಸ್ಥಳೀಯ ಜಾಲದ ವಿಳಾಸಗಳ ಗುಂಪಿನದೋ) ಹೊರಗಿನದೋ ಎಂದು ನೋಡುತ್ತದೆ. ಹೊರಗಿನದಾದರೆ ಮಾತ್ರ ಅದನ್ನು ರೌಟರ್ ಕೈಗೆ ಕೊಡುತ್ತದೆ. ತನ್ನದೇ ಆದರೆ ರೌಟರನ್ನು ಕೇಳುವುದೇ ಇಲ್ಲ, “ಈ ವಿಳಾಸ ಯಾರದು?” ಎಂದು ಸ್ಥಳೀಯ ಜಾಲದಲ್ಲೇ ಕೂಗುತ್ತದೆ, ಯಾರು ಓಗೊಡುತ್ತಾರೋ ಅವರಿಗೆ ಕಳಿಸುತ್ತದೆ. ಹೀಗಾಗಿ ಎರಡೂ ಕಚೇರಿಗಳು 192.168.1.0/24 (ಅಂದರೆ 192.168.1 ಎಂದು ಆರಂಭವಾಗುವ ವಿಳಾಸಗಳು) ಆಗಿದ್ದರೆ, ಎರಡು ಊರಿನಲ್ಲೂ ಒಂದೇ ಹೆಸರಿನ ಓಣಿ, ಒಂದೇ ಮನೆ ನಂಬರ್ ಇದ್ದಂತೆ. ಅಂಚೆ ಊರು ಬಿಟ್ಟು ಹೊರಡುವುದೇ ಇಲ್ಲ. ನೀವು ಲಕ್ಷ ರೂಪಾಯಿಯ ರೌಟರ್ ತಂದರೂ ಪ್ಯಾಕೆಟ್ ಅದರ ಬಾಗಿಲಿಗೆ ಬರುವುದಿಲ್ಲ. ನ್ಯಾಟ್ ಮೂಲಕ ಎರಡೂ ಕಡೆಯ ವಿಳಾಸಗಳಿಗೆ ಸುಳ್ಳು ಹೆಸರು ಕೊಟ್ಟು ಪಾರಾಗಬಹುದು ಎಂದು ಯಾರಾದರೂ ನಿಮಗೆ ಹೇಳಬಹುದು. ಪಾರಾಗಬಹುದು ನಿಜ, ಆದರೆ ಆ ಸುಳ್ಳನ್ನು ವರ್ಷಗಟ್ಟಲೆ ನೆನಪಿಟ್ಟುಕೊಳ್ಳಬೇಕಾದವರು ನೀವು.

ಕಾರಣ ತಿಳಿದ ಮೇಲೂ ನಾನು ಅವಸರಪಟ್ಟೆ. ಶಿರಸಿಯಲ್ಲಿದ್ದುದು ಆರೇ ಉಪಕರಣ, ಅವುಗಳ ವಿಳಾಸವನ್ನು ಬದಲಿಸಬೇಕಿತ್ತು. ನಾನು ಹುಬ್ಬಳ್ಳಿಗೆ ಮರಳಿ, 9ನೇ ತಾರೀಖಿನ ರಾತ್ರಿ, ಅಲ್ಲಿಯ ಇಡೀ ಜಾಲವನ್ನು 10.41.1.0/24ಕ್ಕೆ ಬದಲಿಸಿ ಮನೆಗೆ ಹೋದೆ. ಬೆಳಿಗ್ಗೆ ಪ್ರಿಂಟರ್‌ಗಳು ಸತ್ತಿದ್ದವು, ಹಾಜರಾತಿಯ ಬೆರಳಚ್ಚು ಯಂತ್ರ ಮಾತಾಡಲಿಲ್ಲ, ಪ್ರತಿ ಬಿಲ್ಲಿಂಗ್ ಕಂಪ್ಯೂಟರ್‌ನ ಶಾರ್ಟ್‌ಕಟ್‌ನಲ್ಲೂ ಹಳೆಯ ವಿಳಾಸವೇ ಕೂತಿತ್ತು. ಎರಡು ದಿನ ಕೈಬರಹದ ಬಿಲ್ಲು. 11ನೇ ತಾರೀಖಿಗೆ ಸಲ್ಲಿಸಬೇಕಿದ್ದ ಮಾರಾಟದ ವಿವರ, ಜಿಎಸ್‌ಟಿಆರ್-1, ತಪ್ಪಿತು. ದಂಡ ದೊಡ್ಡದಲ್ಲ, ಆದರೆ ನಮ್ಮ ಬಿಲ್ಲುಗಳು ತಮ್ಮ ಖರೀದಿಯ ತೆರಿಗೆ ವಿವರವಾದ 2ಬಿಯಲ್ಲಿ ಕಾಣುತ್ತಿಲ್ಲ ಎಂದು ಫೋನ್ ಮಾಡಿದ ಮೆಡಿಕಲ್ ಅಂಗಡಿಗಳವರಿಗೆ ಉತ್ತರ ಹೇಳುತ್ತ ಒಂದು ವಾರ ಹೋಯಿತು.

ಇಷ್ಟೆಲ್ಲ ಆಗಿ ಫೋಲ್ಡರ್ ತೆರೆಯಿತು, ಮತ್ತು ಅದರಿಂದ ಏನೂ ಉಪಯೋಗವಾಗಲಿಲ್ಲ. ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಎಂದು ನಾನು ಹೇಳುವುದು ಇದಕ್ಕಾಗಿಯೇ. ಹಂಚಿದ ಫೋಲ್ಡರ್‌ನಿಂದ ಟ್ಯಾಲಿ ಡೇಟಾ ಓದುವಾಗ ಸಾವಿರಾರು ಸಣ್ಣ ಪ್ರಶ್ನೋತ್ತರಗಳು ನಡೆಯುತ್ತವೆ. ಒಂದೊಂದಕ್ಕೂ ಇಪ್ಪತ್ತು ಮಿಲಿಸೆಕೆಂಡ್ ಹಿಡಿದರೆ ಲೈನಿನ ವೇಗ ಎಷ್ಟಿದ್ದರೂ ಕಾಯುವುದು ತಪ್ಪುವುದಿಲ್ಲ. ನಮ್ಮಲ್ಲಿ ಡೇಬುಕ್ ತೆರೆಯಲು ನಾಲ್ಕು ನಿಮಿಷ ಬೇಕಾಗುತ್ತಿತ್ತು. ನಮೂದು ಬರೆಯುವಾಗ ಲೈನ್ ಹೋದರೆ ಡೇಟಾ ಕೆಡುವ ಭಯ ಬೇರೆ. ಈಗ ಶಿರಸಿಯವರು ಅದೇ ವಿಪಿಎನ್ ಒಳಗಿನಿಂದ ರಿಮೋಟ್ ಡೆಸ್ಕ್‌ಟಾಪ್ (ದೂರದ ಕಂಪ್ಯೂಟರ್‌ನ ಪರದೆಯನ್ನು ತಮ್ಮಲ್ಲೇ ಕಂಡು ಬಳಸುವ ಸೌಲಭ್ಯ) ಮೂಲಕ ಹುಬ್ಬಳ್ಳಿಯ ಒಂದು ಕಂಪ್ಯೂಟರ್‌ಗೆ ಬಂದು ಟ್ಯಾಲಿ ಬಳಸುತ್ತಾರೆ. ಡೇಟಾ ಕಚೇರಿ ಬಿಟ್ಟು ಕದಲುವುದಿಲ್ಲ. ಆ ಕಂಪ್ಯೂಟರ್‌ನಲ್ಲಿ ವಿಂಡೋಸ್ ಪ್ರೊ ಇರಬೇಕು, ಹೋಮ್ ಆದರೆ ಆಗದು. ಪ್ರೊ ಕೂಡ ಒಂದು ಹೊತ್ತಿಗೆ ಒಬ್ಬರನ್ನೇ ಬಿಟ್ಟುಕೊಳ್ಳುತ್ತದೆ. ವಿಪಿಎನ್ ಬೇಸರವೆಂದು ರಿಮೋಟ್ ಡೆಸ್ಕ್‌ಟಾಪ್‌ನ ಬಾಗಿಲಾದ 3389ನೇ ಪೋರ್ಟನ್ನು ನೇರವಾಗಿ ಇಂಟರ್‌ನೆಟ್‌ಗೆ ತೆರೆದಿಡುವ ಕೆಲಸ ಮಾತ್ರ ಮಾಡಬೇಡಿ.

ರೌಟರ್ ಕೊಳ್ಳಲೇಬೇಕೆಂದಿದ್ದರೆ ರೌಟರ್‌ಒಎಸ್ 7 ತಂತ್ರಾಂಶ ಇರುವ ಮೈಕ್ರೋಟಿಕ್ ಕಂಪನಿಯ ಸಣ್ಣ ರೌಟರ್ ಸಾಕು, ಅದರಲ್ಲಿ ವೈರ್‌ಗಾರ್ಡ್ ಇದೆ. ನನ್ನಂತೆ ಹಳೆಯ ಕಂಪ್ಯೂಟರ್ ಬಳಸುವುದಾದರೆ, ಎರಡೂ ಕಡೆಯ ರೌಟರ್‌ನಲ್ಲಿ ಆಚೆಯ ಸಬ್‌ನೆಟ್‌ಗೆ ಈ ಪೆಟ್ಟಿಗೆಯ ಮೂಲಕ ಹೋಗಬೇಕೆಂದು ಸ್ಟ್ಯಾಟಿಕ್ ರೂಟ್ ಬರೆಯಿರಿ. ಒಂದು ಕಡೆ ಬರೆದು ಇನ್ನೊಂದು ಕಡೆ ಬಿಟ್ಟರೆ ಪ್ಯಾಕೆಟ್ ಹೋಗುತ್ತದೆ, ಉತ್ತರ ಮರಳುವುದಿಲ್ಲ. ಆ ಪೆಟ್ಟಿಗೆಯ ಬಯಾಸ್‌ನಲ್ಲಿ (ಆನ್ ಮಾಡಿದೊಡನೆ ಸಿಗುವ ಮೂಲ ಸೆಟ್ಟಿಂಗ್‌ಗಳಲ್ಲಿ) ಕರೆಂಟ್ ಬಂದೊಡನೆ ತಾನಾಗಿ ಶುರುವಾಗುವ ಆಯ್ಕೆಯನ್ನೂ ಹಾಕಿಡಿ. ಶಿರಸಿಯ ಮಳೆಗಾಲದಲ್ಲಿ ಅದನ್ನು ಮರೆತಿದ್ದ ನಾನು, ಒಂದು ಪವರ್ ಬಟನ್ ಒತ್ತಲು ಎರಡು ಸಲ ಬಸ್ ಹತ್ತಿದ್ದೇನೆ.